ಕಪ್ಪು ಕುರ್ಚಿಯ ಎದುರಿಗೆ ಕೂತ ಮೇಷ್ಟ್ರು

ಗೆದ್ದವರಿಗೆ ಸಿಗುತ್ತಿದ್ದುದು ಒಂದು ಗಾಜಿನ ಬಟ್ಟಲು. ದುಡ್ಡಿಲ್ಲ, ಕಾರಿಲ್ಲ, ವಿದೇಶ ಪ್ರವಾಸವೂ ಇಲ್ಲ. ಕತ್ತಲು ತುಂಬಿದ ವೇದಿಕೆ, ನಡುವೆ ಕಪ್ಪು ಚರ್ಮದ ಒಂದು ಕುರ್ಚಿ, ಅದರ ಮೇಲೆ ಬೀಳುವ ಬೆಳಕು. ಎದುರಿಗೆ ಪ್ರಶ್ನೆ ಕೇಳುವ ಒಬ್ಬ ಮನುಷ್ಯ. ಇಷ್ಟನ್ನೇ ಇಟ್ಟುಕೊಂಡು 25 ವರ್ಷ ಬ್ರಿಟನ್ನಿನ ಜನರನ್ನು ಟಿವಿ ಮುಂದೆ ಕೂರಿಸಿದ ಕಾರ್ಯಕ್ರಮ ಬಿಬಿಸಿಯ 'ಮಾಸ್ಟರ್‌ಮೈಂಡ್'. ಪ್ರಶ್ನೆ ಕೇಳುತ್ತಿದ್ದವರು ಮ್ಯಾಗ್ನಸ್ ಮ್ಯಾಗ್ನುಸನ್. ನಾನು ಹುಟ್ಟುವ ಮೊದಲೇ ಅವರು ಆ ಜಾಗ ಬಿಟ್ಟಾಗಿತ್ತು. ನನ್ನ ವಯಸ್ಸಿನ ಕ್ವಿಜ್ ಹುಚ್ಚರಿಗೆ ಅವರು ಸಿಗುವುದು ಯೂಟ್ಯೂಬ್‌ನ ಮಸುಕು ವಿಡಿಯೊಗಳಲ್ಲಿ ಮಾತ್ರ. ಆದರೂ ಇಂದು ಪರೀಕ್ಷೆ, ಸಂದರ್ಶನ ಎಂದು ಓಡಾಡುತ್ತಿರುವ ನಮಗೆ ಅವರ ಬದುಕಿನಲ್ಲಿ ಕಲಿಯುವುದು ಬಹಳ ಇದೆ.

ಬ್ರಿಟಿಷರು ತಮ್ಮವರೆಂದೇ ಪ್ರೀತಿಸಿದ ಈ ಮನುಷ್ಯ ಬ್ರಿಟಿಷ್ ಪ್ರಜೆಯೇ ಅಲ್ಲ! ಹುಟ್ಟಿದ್ದು 1929ರ ಅಕ್ಟೋಬರ್ 12ರಂದು, ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ. ಮಗುವಿಗೆ ಒಂಬತ್ತು ತಿಂಗಳಾಗಿದ್ದಾಗ ಅಪ್ಪನ ಕೆಲಸದ ಕಾರಣ ಕುಟುಂಬ ಸ್ಕಾಟ್‌ಲೆಂಡಿನ ಎಡಿನ್‌ಬರೋಗೆ ಬಂತು. ಆನ್‌ಲೈನ್ ಅರ್ಜಿ ತುಂಬುವಾಗ ಸರ್‌ನೇಮ್ ಕಾಲಂ ನೋಡಿ ತಲೆ ಕೆರೆದುಕೊಳ್ಳುವ ನಮ್ಮ ಕಷ್ಟ ಐಸ್‌ಲ್ಯಾಂಡಿನವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಅಲ್ಲಿ ಮನೆತನದ ಹೆಸರಿನ ರೂಢಿ ಕಡಿಮೆ. ಅಪ್ಪನ ಹೆಸರಿನ ಮುಂದೆ ಮಗ ಅಥವಾ ಮಗಳು ಎಂಬರ್ಥದ ಪದ ಸೇರಿಸುತ್ತಾರೆ, ಅಷ್ಟೆ. ಅಪ್ಪ ಸಿಗುರ್‌ಸ್ಟೈನ್ ಆದ್ದರಿಂದ ಈ ಹುಡುಗ ಮ್ಯಾಗ್ನಸ್ ಸಿಗುರ್‌ಸ್ಟೈನ್‌ಸನ್ ಆಗಬೇಕಿತ್ತು. ಬ್ರಿಟನ್ನಿನ ಪದ್ಧತಿಗೆ ಹೊಂದಿಕೊಂಡು ಅಪ್ಪನ ಹೆಸರಿನ ಕೊನೆಯಲ್ಲಿದ್ದ ಮ್ಯಾಗ್ನುಸನ್ ಮಗನಿಗೂ ಬಂತು. ಹೆಸರು ಬದಲಾದರೂ ಐಸ್‌ಲ್ಯಾಂಡಿನ ಪೌರತ್ವವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಆದ್ದರಿಂದಲೇ 1989ರಲ್ಲಿ ಬ್ರಿಟನ್ ಕೊಟ್ಟ ನೈಟ್ ಪದವಿ ಅವರಿಗೆ ಗೌರವ ರೂಪದಲ್ಲಿ ಬಂತು.

ಮನೆಯೊಳಗೆ ಐಸ್‌ಲ್ಯಾಂಡಿಕ್, ಹೊರಗೆ ಇಂಗ್ಲಿಷ್. ಎರಡು ಭಾಷೆಯ ನಡುವೆ ಬೆಳೆಯುವುದು ನಮಗೇನೂ ಹೊಸದಲ್ಲ. ಆದರೆ ಮ್ಯಾಗ್ನುಸನ್ ಮನೆಮಾತನ್ನು ಮನೆಯಲ್ಲೇ ಬಿಟ್ಟು ಬರಲಿಲ್ಲ. ಎಡಿನ್‌ಬರೋ ಅಕಾಡೆಮಿಯಲ್ಲಿ ಶಾಲೆ, ಆಕ್ಸ್‌ಫರ್ಡ್‌ನ ಜೀಸಸ್ ಕಾಲೇಜಿನಲ್ಲಿ ಇಂಗ್ಲಿಷ್ ಪದವಿ. ಆಮೇಲೆ 'ಸ್ಕಾಟಿಷ್ ಡೈಲಿ ಎಕ್ಸ್‌ಪ್ರೆಸ್' ಮತ್ತು 'ದಿ ಸ್ಕಾಟ್ಸ್‌ಮನ್' ಪತ್ರಿಕೆಗಳಲ್ಲಿ ಕೆಲಸ. ಪತ್ರಕರ್ತೆ ಮೇಮಿ ಬೇರ್ಡ್ ಅವರೊಂದಿಗೆ 1954ರಲ್ಲಿ ಮದುವೆ. ಪತ್ರಿಕೆಯ ದುಡಿಮೆಯ ಜೊತೆಗೇ ಅವರು ವಿದ್ವಾಂಸ ಹರ್ಮನ್ ಪಾಲ್ಸನ್ ಅವರೊಡನೆ ಸೇರಿ ತಮ್ಮ ನಾಡಿನ ಹಳೆಯ ಸಾಗಾ ಕಥನಗಳನ್ನು ಇಂಗ್ಲಿಷಿಗೆ ತಂದರು. 1960ರಲ್ಲಿ 'ನ್ಯಾಲ್ಸ್ ಸಾಗಾ', 1965ರಲ್ಲಿ 'ವಿನ್‌ಲ್ಯಾಂಡ್ ಸಾಗಾಸ್' ಬಂದವು. ನೊಬೆಲ್ ಪಡೆದ ಐಸ್‌ಲ್ಯಾಂಡಿನ ಕಾದಂಬರಿಕಾರ ಹಾಲ್ಡೋರ್ ಲಾಕ್ಸ್‌ನೆಸ್ ಅವರ ಹಲವು ಕಾದಂಬರಿಗಳನ್ನೂ ಅನುವಾದಿಸಿದರು. ಅಂದರೆ ಟಿವಿಯಲ್ಲಿ ಹೆಸರಾಗುವ ಮೊದಲೇ ಅವರು ಒಂದು ಭಾಷೆಯ ಸಂಪತ್ತನ್ನು ಇನ್ನೊಂದಕ್ಕೆ ಸಾಗಿಸುವ ಕೆಲಸ ಮಾಡಿದ್ದರು.

ಇನ್ನು ಆ ಕುರ್ಚಿಯ ಕಥೆ. 'ಮಾಸ್ಟರ್‌ಮೈಂಡ್' ಹುಟ್ಟಿದ್ದು ಬಿಲ್ ರೈಟ್ ಎಂಬ ನಿರ್ಮಾಪಕರ ತಲೆಯಲ್ಲಿ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿದ್ದ ಅವರು ಜರ್ಮನರ ಕೈಗೆ ಸೆರೆಸಿಕ್ಕು ವಿಚಾರಣೆ ಎದುರಿಸಿದ್ದರು. ಯುದ್ಧಕೈದಿ ಹೇಳಬೇಕಾದದ್ದು ಹೆಸರು, ದರ್ಜೆ, ಕ್ರಮಸಂಖ್ಯೆ. ಆ ಭಯದ ನೆನಪನ್ನೇ ಅವರು ಆಟವಾಗಿಸಿದರು. ಇಲ್ಲಿ ಸ್ಪರ್ಧಿ ಹೇಳಬೇಕಾದದ್ದು ಹೆಸರು, ಉದ್ಯೋಗ, ಆರಿಸಿಕೊಂಡ ವಿಷಯ. ಒಂಟಿ ಕುರ್ಚಿ, ಮುಖದ ಮೇಲಿನ ಬೆಳಕು, ಎದೆ ಢವಢವ ಎನ್ನಿಸುವ ಸಂಗೀತ ಎಲ್ಲವೂ ವಿಚಾರಣೆಯ ಕೋಣೆಯಂತೆಯೇ. ಮೊದಲ ಸುತ್ತು ಸ್ಪರ್ಧಿ ತಾನೇ ಆರಿಸಿಕೊಂಡ ವಿಷಯದ್ದು, ಎರಡನೆಯದು ಸಾಮಾನ್ಯ ಜ್ಞಾನದ್ದು.

1972ರ ಸೆಪ್ಟೆಂಬರಿನಲ್ಲಿ ಕಾರ್ಯಕ್ರಮ ಶುರುವಾದಾಗ ಇದು ಪಂಡಿತರಿಗೆ ಮಾತ್ರ ಎಂದುಕೊಂಡು ತಡರಾತ್ರಿಗೆ ತಳ್ಳಿದ್ದರು. ಆಗಿನ ಬಿಬಿಸಿಯಲ್ಲಿ ಶನಿವಾರ ಸಂಜೆಯ ರಾಜ ಬ್ರೂಸ್ ಫೋರ್ಸೈತ್. ಅವರ 'ಜನರೇಷನ್ ಗೇಮ್'ನಲ್ಲಿ ಕನ್ವೇಯರ್ ಬೆಲ್ಟ್ ಮೇಲೆ ಸಾಮಾನುಗಳು ಸಾಲಾಗಿ ಸಾಗುತ್ತಿದ್ದವು. ನೆನಪಿಟ್ಟುಕೊಂಡು ಹೇಳಿದಷ್ಟು ಸಾಮಾನು ಮನೆಗೆ! ಅಂಥ ಗದ್ದಲದ ನಡುವೆ ಗಾಜಿನ ಬಟ್ಟಲಿನ ಈ ಗಂಭೀರ ಆಟವನ್ನು ಯಾರು ನೋಡುತ್ತಾರೆ? ಆದರೆ 1973ರಲ್ಲಿ ಒಂದು ಹಾಸ್ಯ ಧಾರಾವಾಹಿಯ ಬಗ್ಗೆ ಪ್ರೇಕ್ಷಕರಿಂದ ದೂರುಗಳು ಬಂದು, ಅದನ್ನು ತಡರಾತ್ರಿಗೆ ಸರಿಸಬೇಕಾಯಿತು. ಖಾಲಿಯಾದ ಹೊತ್ತಿಗೆ 'ಮಾಸ್ಟರ್‌ಮೈಂಡ್' ಬಂತು. ನೋಡುಗರ ಸಂಖ್ಯೆ ಕೋಟಿ ದಾಟಿತು.

ಅದೇ 1973 ಅವರ ಮನೆಗೆ ಸಿಡಿಲಿನಂತೆ ಬಂದ ವರ್ಷ ಕೂಡ. ಇನ್ನೂ ಶಾಲೆಗೆ ಹೋಗುತ್ತಿದ್ದ ಮಗ ರಸ್ತೆ ಅಪಘಾತದಲ್ಲಿ ತೀರಿಕೊಂಡ. ತಾತನ ಹೆಸರನ್ನೇ ಇಟ್ಟಿದ್ದ ಮಗ. ದೇಶವೆಲ್ಲ ತನ್ನ ಮುಖವನ್ನು ಗುರುತಿಸತೊಡಗಿದ ವರ್ಷವೇ ಮನೆಯಲ್ಲಿ ಒಂದು ಮುಖ ಇಲ್ಲವಾಯಿತು. ಆ ಪ್ರಸಿದ್ಧ ಶಾಂತ ಮುಖವನ್ನು ವಿಡಿಯೊದಲ್ಲಿ ನೋಡುವಾಗ ನನಗೆ ಇದು ನೆನಪಾಗುತ್ತದೆ. ಅದಾದ ಮೇಲೂ 24 ವರ್ಷ ಅವರು ಅದೇ ಜಾಗದಲ್ಲಿ ಕೂತು ಬೇರೆಯವರಿಗೆ ಧೈರ್ಯ ತುಂಬಿದರು.

ಧೈರ್ಯ ಎಂದೆನಲ್ಲ, ಅದಕ್ಕೆ ಕಾರಣವಿದೆ. ಆಟದ ಏರ್ಪಾಡು ವಿಚಾರಣೆಯದ್ದಾದರೂ ಕೇಳುವವರ ದನಿ ಪೊಲೀಸರದ್ದಾಗಿರಲಿಲ್ಲ, ಒಳ್ಳೆಯ ಮೇಷ್ಟ್ರದ್ದಾಗಿತ್ತು. ಪ್ರಶ್ನೆಯ ನಡುವೆ ಸಮಯ ಮುಗಿದ ಸದ್ದು ಬಂದರೆ ಅವರು ನಿಲ್ಲಿಸುತ್ತಿರಲಿಲ್ಲ. ಆರಂಭಿಸಿದ್ದೇನೆ, ಆದ್ದರಿಂದ ಮುಗಿಸುತ್ತೇನೆ ಎಂಬರ್ಥದ ಮಾತು ಹೇಳಿ ಪ್ರಶ್ನೆ ಪೂರ್ತಿ ಮಾಡುತ್ತಿದ್ದರು, ಉತ್ತರಕ್ಕೂ ಅವಕಾಶ ಕೊಡುತ್ತಿದ್ದರು. ಆ ಮಾತು ಬ್ರಿಟನ್ನಿನ ಮನೆಮನೆಯ ಮಾತಾಯಿತು. 1997ರಲ್ಲಿ ಕಾರ್ಯಕ್ರಮದ ಕಥೆ ಬರೆದಾಗ ಪುಸ್ತಕಕ್ಕೂ ಅದೇ ಹೆಸರಿಟ್ಟರು.

ನನಗೆ ಇನ್ನೂ ಇಷ್ಟವಾಗುವುದು 'ಪಾಸ್' ಎಂಬ ಪದ. ಉತ್ತರ ಗೊತ್ತಿಲ್ಲದಿದ್ದರೆ ಸ್ಪರ್ಧಿ ಪಾಸ್ ಎನ್ನಬಹುದಿತ್ತು. ನಾಚಿಕೆಯಿಲ್ಲ, ಸಬೂಬಿಲ್ಲ. ಮುಂದಿನ ಪ್ರಶ್ನೆ ಬರುತ್ತಿತ್ತು. ಸುತ್ತು ಮುಗಿದ ಮೇಲೆ ಮ್ಯಾಗ್ನುಸನ್ ಪಾಸ್ ಮಾಡಿದ ಪ್ರಶ್ನೆಗಳಿಗೆ ಸರಿಯುತ್ತರ ಹೇಳಿಕೊಡುತ್ತಿದ್ದರು. ನೆಗೆಟಿವ್ ಮಾರ್ಕಿಂಗ್‌ಗೆ ಹೆದರಿ ಕೂತ ನಮಗೆ, ಸಂದರ್ಶನದಲ್ಲಿ ಗೊತ್ತಿಲ್ಲ ಎನ್ನಲು ನಾಲಿಗೆ ತಡವರಿಸುವ ನಮಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ? ಗೊತ್ತಿಲ್ಲ ಎಂದು ನೇರವಾಗಿ ಹೇಳಬೇಕು, ಹೊರಗೆ ಬಂದ ಮೇಲೆ ಉತ್ತರ ಹುಡುಕಿಕೊಳ್ಳಬೇಕು.

ಆ ಕುರ್ಚಿಗೆ ಡಿಗ್ರಿ ಬೇಕಿರಲಿಲ್ಲ. 1980ರಲ್ಲಿ ಗೆದ್ದ ಫ್ರೆಡ್ ಹೌಸ್‌ಗೋ ಲಂಡನ್ನಿನ ಟ್ಯಾಕ್ಸಿ ಚಾಲಕ. 1983ರಲ್ಲಿ ಗೆದ್ದ ಕ್ರಿಸ್ಟೋಫರ್ ಹ್ಯೂಸ್ ಅಲ್ಲಿನ ನೆಲದಡಿಯ ರೈಲು ಓಡಿಸುವವರು. ಪಂಡಿತರಿಗೆಂದು ಇಟ್ಟ ಆಟದಲ್ಲಿ ಸ್ಟೀರಿಂಗ್ ಹಿಡಿದವರೂ ಗೆದ್ದರು. ಓದು ಸರ್ಟಿಫಿಕೇಟಿನ ಸ್ವತ್ತಲ್ಲ ಎಂದು ದೇಶವೇ ಕಣ್ಣಾರೆ ಕಂಡಿತು.

ಇದರ ಗಾಳಿ ನಮ್ಮಲ್ಲಿಗೂ ಬೀಸಿದೆ. 90ರ ದಶಕದ ಕೊನೆಯಲ್ಲಿ ಸಿದ್ಧಾರ್ಥ ಬಸು ನಡೆಸಿಕೊಟ್ಟ 'ಮಾಸ್ಟರ್‌ಮೈಂಡ್ ಇಂಡಿಯಾ' ಇದರದೇ ಕೂಸು. ಇನ್ನು ಗಾಜಿನ ಬಟ್ಟಲಿಗಾಗಿ ಜನ ಹೀಗೆ ಓದುತ್ತಿದ್ದರೇ ಎಂದು ಅಚ್ಚರಿಪಡುವವರು ಚಂದನ ವಾಹಿನಿಯ 'ಥಟ್ ಅಂತ ಹೇಳಿ' ನೆನಪಿಸಿಕೊಳ್ಳಿ. ಡಾ. ನಾ. ಸೋಮೇಶ್ವರ ಅವರು ಸರಿಯುತ್ತರಕ್ಕೆ ಕೊಡುವುದು ಪುಸ್ತಕ. ಅದಕ್ಕಾಗಿಯೇ ಊರೂರಿನಿಂದ ಜನ ಬರುತ್ತಾರೆ.

ಮ್ಯಾಗ್ನುಸನ್ ಕ್ವಿಜ್‌ಗಷ್ಟೇ ಸೀಮಿತರಾಗಲಿಲ್ಲ. ಪುರಾತತ್ವದ ಬಗ್ಗೆ, ವೈಕಿಂಗರ ಬಗ್ಗೆ ಟಿವಿ ಸರಣಿಗಳನ್ನು ನಡೆಸಿಕೊಟ್ಟರು. ಎಡಿನ್‌ಬರೋ ವಿಶ್ವವಿದ್ಯಾಲಯದ ರೆಕ್ಟರ್ ಆದರು. 1992ರಿಂದ ಸ್ಕಾಟ್‌ಲೆಂಡಿನ ನಿಸರ್ಗ ಸಂರಕ್ಷಣಾ ಸಂಸ್ಥೆಯ ಮೊದಲ ಅಧ್ಯಕ್ಷರಾಗಿ ದುಡಿದರು. 2000ದಲ್ಲಿ ಸ್ಕಾಟ್‌ಲೆಂಡಿನ ದೊಡ್ಡ ಇತಿಹಾಸವನ್ನು ಬರೆದರು.

1997ರಲ್ಲಿ ಅವರ ಕೊನೆಯ 'ಮಾಸ್ಟರ್‌ಮೈಂಡ್' ಫೈನಲ್ ನಡೆದದ್ದು ಓರ್ಕ್ನಿ ದ್ವೀಪದ ಕಿರ್ಕ್‌ವಾಲ್‌ನಲ್ಲಿ, ಅವರ ಹೆಸರಿನವರೇ ಆದ ಸಂತ ಮ್ಯಾಗ್ನಸ್ ಅವರ ಚರ್ಚಿನಲ್ಲಿ. ಕಪ್ಪು ಕುರ್ಚಿಯನ್ನು ಅವರಿಗೇ ಕೊಟ್ಟು ಕಳಿಸಿದರು. 2006ರಲ್ಲಿ, 77ನೇ ಹುಟ್ಟುಹಬ್ಬದ ದಿನವೇ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಪತ್ತೆಯಾಯಿತು. 2007ರ ಜನವರಿ 7ರಂದು ತೀರಿಕೊಂಡರು.

ಕಾರ್ಯಕ್ರಮ ಈಗಲೂ ಬ್ರಿಟನ್ನಿನಲ್ಲಿ ಬರುತ್ತಿದೆ. ನಿರೂಪಕರು ಬದಲಾಗಿದ್ದಾರೆ, ಕುರ್ಚಿ ಇನ್ನೂ ಕಪ್ಪೇ. ಗೆಳೆಯರೇ, ನಾವೆಲ್ಲ ಒಂದಲ್ಲ ಒಂದು ದಿನ ಅಂಥದ್ದೊಂದು ಕುರ್ಚಿಯಲ್ಲಿ ಕೂರಲೇಬೇಕು, ಅದು ವೈವಾ ಇರಲಿ, ಎಚ್‌ಆರ್ ರೌಂಡ್ ಇರಲಿ. ಅದಕ್ಕೆ ಮೊದಲು ಒಂದು ಕೆಲಸ ಮಾಡೋಣ. ಸಿಲಬಸ್‌ನಲ್ಲಿಲ್ಲದ, ಯಾರೂ ಅಂಕ ಕೊಡದ, ನಮಗಿಷ್ಟದ ಒಂದು ವಿಷಯವನ್ನು ಆರಿಸಿಕೊಂಡು ಆಳವಾಗಿ ಓದೋಣ. ನಿಮ್ಮ ವಿಷಯ ಯಾವುದು?