ಶಿಲೆಗಳ ಮೌನವನ್ನು ಮುರಿದ ವಿದುಷಿ

ಮಧ್ಯ ಅಮೆರಿಕದ ದಟ್ಟಾರಣ್ಯಗಳಲ್ಲಿ ಭವ್ಯ ನಗರಗಳನ್ನು ಕಟ್ಟಿ ಬಾಳಿದ ಪ್ರಾಚೀನ ಮಾಯಾ ಜನಾಂಗದ ಶಿಲಾಸ್ತಂಭಗಳು ಏನನ್ನು ಹೇಳುತ್ತವೆ? ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಬಹುಮಂದಿ ಪಂಡಿತರ ಮತ ಇದು: ಆ ನಗರಗಳು ಪುರೋಹಿತರ ಕ್ಷೇತ್ರಗಳು, ಅಲ್ಲಿನ ಮೂರ್ತಿಗಳು ದೇವತೆಗಳು ಅಥವಾ ಅರ್ಚಕರು, ಬರಹವೆಲ್ಲ ಕಾಲಗಣನೆ ಮತ್ತು ಗ್ರಹಗತಿ. ಈ ಪೂರ್ವಪಕ್ಷವನ್ನು ಖಂಡಿಸಿ, ಮಾಯಾ ಜನರಿಗೆ ಅವರ ರಾಜಚರಿತ್ರೆಯನ್ನು ಮರಳಿ ದೊರಕಿಸಿದವರು ವಿದುಷಿ ತತಿಯಾನಾ ಪ್ರೊಸ್ಕುರಿಯಾಕೋಫ್.

ಆಕೆ ಜನಿಸಿದ್ದು 1909ರಲ್ಲಿ, ಸೈಬೀರಿಯದ ತೋಮ್ಸ್ಕ್ ನಗರದಲ್ಲಿ. ಪ್ರಥಮ ಮಹಾಯುದ್ಧದ ಕಾಲದಲ್ಲಿ ತಂದೆಯವರು ಸರ್ಕಾರಿ ಕಾರ್ಯನಿಮಿತ್ತ ಅಮೆರಿಕಕ್ಕೆ ತೆರಳಿದರು. 1917ರ ಕ್ರಾಂತಿಯ ತರುವಾಯ ಕುಟುಂಬವು ಅಲ್ಲಿಯೇ ನೆಲೆಸಿತು. 1930ರಲ್ಲಿ ವಾಸ್ತುಶಿಲ್ಪದ ಪದವಿ ಪಡೆದರಾದರೂ, ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ತಕ್ಕ ಉದ್ಯೋಗ ದೊರೆಯಲಿಲ್ಲ. ವಸ್ತುಸಂಗ್ರಹಾಲಯವೊಂದಕ್ಕೆ ಚಿತ್ರ ಬರೆಯುತ್ತಿದ್ದ ಆಕೆಯನ್ನು 1936ರಲ್ಲಿ ಗ್ವಾಟೆಮಾಲದ ಪಿಯೆದ್ರಾಸ್ ನೆಗ್ರಾಸ್ ಉತ್ಖನನಕ್ಕೆ ಕರೆದೊಯ್ಯಲಾಯಿತು. ಉಸುಮಸಿಂತಾ ನದೀತೀರದ ಆ ಪಾಳುನಗರವೇ ಆಕೆಯ ತಪೋಭೂಮಿಯಾಯಿತು. ಭಗ್ನ ಕಟ್ಟಡಗಳ ಪೂರ್ವರೂಪವನ್ನು ಅಳತೆಗಳ ಆಧಾರದಿಂದ ಚಿತ್ರಿಸಿದ ಆಕೆಯ ಗ್ರಂಥ 1946ರಲ್ಲಿ ಪ್ರಕಟವಾಯಿತು.

ಆ ನಗರದ ಸ್ತಂಭಗಳು ಗುಂಪುಗುಂಪಾಗಿ ನಿಂತಿರುವುದನ್ನು ಆಕೆ ಕಂಡರು. ಪ್ರತಿ ಗುಂಪಿನ ಮೊದಲ ಸ್ತಂಭದಲ್ಲಿ ಎತ್ತರದ ಗೂಡಿನಲ್ಲಿ ಕುಳಿತ ವ್ಯಕ್ತಿಯ ಶಿಲ್ಪ. ಯಾವ ಗುಂಪಿನ ದಿನಾಂಕಗಳೂ ಒಬ್ಬ ಮನುಷ್ಯನ ಆಯುಷ್ಯವನ್ನು ಮೀರುತ್ತಿರಲಿಲ್ಲ. ಹಾಗಾದರೆ ಇವು ದೇವತೆಗಳ ಕಥೆಯಲ್ಲ, ಒಬ್ಬರ ನಂತರ ಒಬ್ಬರಂತೆ ಆಳಿದ ಅರಸರ ಜನನ, ಪಟ್ಟಾಭಿಷೇಕಗಳ ದಾಖಲೆ ಎಂದು 1960ರಲ್ಲಿ ಸಿದ್ಧಾಂತ ಮಾಡಿದರು. ಅರ್ಚಕರೆಂದು ತಿಳಿಯಲಾಗಿದ್ದ ನಿಲುವಂಗಿಯ ಮೂರ್ತಿಗಳಲ್ಲಿ ಹಲವು ರಾಜಮನೆತನದ ಸ್ತ್ರೀಯರವೆಂದೂ ತೋರಿಸಿದರು. ಲಿಪಿಯ ಉಚ್ಚಾರಣೆಯನ್ನು ಆಶ್ರಯಿಸದೆ, ಮುಖ್ಯವಾಗಿ ದಿನಾಂಕ ಮತ್ತು ಶಿಲ್ಪಗಳ ಸಾಮ್ಯದಿಂದ ಇಷ್ಟನ್ನೂ ಸಾಧಿಸಿದ್ದು ಆಕೆಯ ಹಿರಿಮೆ. ಎದುರು ಪಕ್ಷದ ಹಿರಿಯರಾದ ಎರಿಕ್ ಥಾಂಪ್ಸನ್ ಸಹ ವಾದವನ್ನು ಓದಿ, ತಮ್ಮ ಮತವನ್ನು ಬಿಟ್ಟು ಅದನ್ನು ಒಪ್ಪಿದರು. ಮುಂದೆ ಯಾಶ್ಚಿಲಾನ್ ನಗರದ ಅರಸರ ಚರಿತ್ರೆಯನ್ನೂ ಆಕೆ ಬೆಳಕಿಗೆ ತಂದರು. ಮಾಯಾ ನಾಡು ಏಕಚಕ್ರಾಧಿಪತ್ಯವಾಗಿರದೆ, ತಮ್ಮ ತಮ್ಮ ರಾಜವಂಶಗಳುಳ್ಳ ಅನೇಕ ನಗರರಾಜ್ಯಗಳ ಸಮೂಹವಾಗಿತ್ತೆಂಬ ಅರಿವು ಈ ತಳಹದಿಯ ಮೇಲೆ ಬೆಳೆಯಿತು.

1985ರಲ್ಲಿ ಆಕೆ ದಿವಂಗತರಾದರು. 1998ರಲ್ಲಿ ಆಕೆಯ ಚಿತಾಭಸ್ಮವನ್ನು ಪಿಯೆದ್ರಾಸ್ ನೆಗ್ರಾಸ್‌ನಲ್ಲಿಯೇ ನೆಲಕ್ಕೊಪ್ಪಿಸಲಾಯಿತು. ಹಿರಿಯರು ಹೇಳಿದರೆಂಬ ಮಾತ್ರಕ್ಕೆ ಒಪ್ಪದೆ, ಹಿರಿಯರೆಂಬ ಗೌರವವನ್ನೂ ಬಿಡದೆ, ಸಾಕ್ಷ್ಯ ನಡೆಸಿದತ್ತ ನಡೆಯುವುದೇ ವಿದ್ಯೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಈ ಬಾಳಿನಿಂದ ಅರಿಯಲಿ.