ಸಮಾಧಿಯೂ ಉಳಿಯದ ವೈದ್ಯ: ಗೋವೆಯ ಗಾರ್ಸಿಯಾ ದ ಓರ್ತಾ

ಕರಿಮೆಣಸು, ಶುಂಠಿ, ಏಲಕ್ಕಿ, ಲವಂಗ, ದಾಲ್ಚಿನ್ನಿ ಇವು ನಮ್ಮ ಮನೆಗಳಲ್ಲಿ ದಿನನಿತ್ಯದ ಬಳಕೆಯ ವಸ್ತುಗಳು. ಐದು ಶತಮಾನಗಳ ಹಿಂದೆ ಯುರೋಪಿನಲ್ಲಿ ಇವುಗಳಿಗೆ ಅಡುಗೆಮನೆಯಲ್ಲಿ ಮಾತ್ರವಲ್ಲ, ವೈದ್ಯರ ಔಷಧಾಲಯದಲ್ಲಿಯೂ ಮಹತ್ವದ ಸ್ಥಾನವಿತ್ತು. ಆದರೆ ಅವು ಯಾವ ನಾಡಿನ ಯಾವ ಗಿಡದಲ್ಲಿ ಬೆಳೆಯುತ್ತವೆ ಎಂಬುದು ಅಲ್ಲಿನ ವೈದ್ಯರಿಗೆ ಸರಿಯಾಗಿ ತಿಳಿದಿರಲಿಲ್ಲ. ಅರಬ್ ಮತ್ತು ವೆನಿಸ್ ವರ್ತಕರ ಕೈಯಿಂದ ಕೈಗೆ ದಾಟಿ ಬಂದ ಒಣಗಿದ ಸರಕನ್ನಷ್ಟೇ ಅವರು ಕಂಡಿದ್ದರು. ಉಳಿದುದೆಲ್ಲ ಪುರಾತನ ಗ್ರೀಕ್ ಹಾಗೂ ಅರಬ್ ಗ್ರಂಥಗಳ ಮಾತು. ಈ ಕೊರತೆಯನ್ನು ಗೋವೆಯಲ್ಲಿ ನೆಲೆಸಿ ನೀಗಿಸಲು ಶ್ರಮಿಸಿದ ವೈದ್ಯರೇ ಗಾರ್ಸಿಯಾ ದ ಓರ್ತಾ. ಅವರ ಜೀವನಚರಿತ್ರೆಯು ವೈದ್ಯಶಾಸ್ತ್ರದ ಇತಿಹಾಸಕ್ಕೆ ಸೇರಿದ್ದಾದರೂ ಅದರ ಕೊನೆಯ ಅಧ್ಯಾಯವು ಕಥೋಲಿಕರಾದ ನಮ್ಮ ಆತ್ಮಶೋಧನೆಗೆ ಸೇರಿದ್ದಾಗಿದೆ.

ಓರ್ತಾ ಅವರು 1501ರ ಸುಮಾರಿಗೆ ಪೋರ್ಚುಗಲ್ಲಿನ ಕಾಸ್ತೆಲೊ ದ ವೀದೆ ಎಂಬ ಊರಿನಲ್ಲಿ ಜನಿಸಿದರು. ಅವರ ತಂದೆತಾಯಿಗಳು ಯೆಹೂದ್ಯ ಮೂಲದವರು. 1492ರಲ್ಲಿ ಸ್ಪೇನಿನ ಅರಸರು ಯೆಹೂದ್ಯರನ್ನು ದೇಶದಿಂದ ಹೊರಗಟ್ಟಿದಾಗ ಸಹಸ್ರಾರು ಕುಟುಂಬಗಳು ಗಡಿ ದಾಟಿ ಪೋರ್ಚುಗಲ್ಲಿಗೆ ಬಂದವು. ಆದರೆ 1497ರಲ್ಲಿ ಪೋರ್ಚುಗಲ್ಲಿನ ಅರಸ ಮನುವೆಲ್ ಅವರೆಲ್ಲರಿಗೂ ಬಲವಂತವಾಗಿ ದೀಕ್ಷಾಸ್ನಾನ ಕೊಡಿಸಿದನು. ಹೀಗೆ ಕ್ರೈಸ್ತರಾದವರನ್ನು ನವಕ್ರೈಸ್ತರೆಂದು ಕರೆಯಲಾಯಿತು. ಹೆಸರು ಬದಲಾದರೂ ಅವರ ಮೇಲಿನ ಸಂಶಯ ಮಾತ್ರ ಅಳಿಯಲಿಲ್ಲ.

ಬಾಲಕ ಗಾರ್ಸಿಯಾ ಪ್ರತಿಭಾವಂತನಾಗಿದ್ದನು. ಸ್ಪೇನಿನ ಸಲಮಾಂಕಾ ಮತ್ತು ಅಲ್ಕಲಾ ವಿಶ್ವವಿದ್ಯಾನಿಲಯಗಳಲ್ಲಿ ತತ್ವಶಾಸ್ತ್ರ ಹಾಗೂ ವೈದ್ಯಶಾಸ್ತ್ರಗಳನ್ನು ಅಭ್ಯಸಿಸಿ ಸ್ವದೇಶಕ್ಕೆ ಮರಳಿ ವೈದ್ಯವೃತ್ತಿ ಆರಂಭಿಸಿದರು. ಮುಂದೆ ಲಿಸ್ಬನ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರೂ ಆದರು. ಆದರೆ 1534ರ ಮಾರ್ಚ್ ತಿಂಗಳಲ್ಲಿ, ನೌಕಾಪಡೆಯ ನಾಯಕ ಮಾರ್ತಿಂ ಅಫೊನ್ಸೊ ದ ಸೌಜಾ ಅವರ ಸ್ವಂತ ವೈದ್ಯರಾಗಿ ಅವರು ಭಾರತಕ್ಕೆ ಹಡಗು ಹತ್ತಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಗೋವೆಯನ್ನು ತಲುಪಿದರು. ಮತ್ತೆಂದೂ ಅವರು ತಾಯ್ನಾಡಿಗೆ ಮರಳಲಿಲ್ಲ. ಇದೇ ಸೌಜಾ ಅವರು 1542ರಲ್ಲಿ ರಾಜ್ಯಪಾಲರಾಗಿ ಪುನಃ ಗೋವೆಗೆ ಬಂದಾಗ ಅವರೊಂದಿಗೆ ಬಂದವರು ಸಂತ ಫ್ರಾನ್ಸಿಸ್ ಝೇವಿಯರ್.

ಮೊದಲ ಕೆಲವು ವರ್ಷ ಓರ್ತಾ ಅವರು ನೌಕಾಪಡೆಯೊಂದಿಗೆ ಗುಜರಾತಿನ ಕರಾವಳಿ ಮೊದಲಾದೆಡೆ ಸಂಚರಿಸಿದರು. ಬಳಿಕ ಗೋವೆಯಲ್ಲಿಯೇ ನೆಲೆನಿಂತು ವಿವಾಹವಾದರು. ಇಬ್ಬರು ಹೆಣ್ಣುಮಕ್ಕಳ ತಂದೆಯಾದರು. ಗೋವೆಯ ರಾಜ್ಯಪಾಲರಿಗೂ ವೈಸರಾಯರಿಗೂ ಅವರು ವೈದ್ಯರಾಗಿದ್ದರು. ಅಹಮದ್‌ನಗರದ ಸುಲ್ತಾನ ಬುರ್ಹಾನ್ ನಿಜಾಮ್ ಶಾಹನಿಗೂ ಚಿಕಿತ್ಸೆ ನೀಡಿ ಅವನ ಸ್ನೇಹವನ್ನು ಸಂಪಾದಿಸಿದರು. ಆ ಆಸ್ಥಾನದಲ್ಲಿ ಮುಸಲ್ಮಾನ ಹಕೀಮರೊಡನೆ ಚರ್ಚಿಸುವ ಅವಕಾಶವೂ ಅವರಿಗೆ ಒದಗಿತು. ಔಷಧಿದ್ರವ್ಯ ಹಾಗೂ ರತ್ನಗಳ ವ್ಯಾಪಾರದಲ್ಲಿ ಅವರು ಧನ ಗಳಿಸಿದರು. ಅರಸನಿಂದ ಮುಂಬಯಿ ದ್ವೀಪವನ್ನೇ ಗೇಣಿಗೆ ಪಡೆದಿದ್ದರು. ಅಲ್ಲಿನ ಅವರ ತೋಟದಲ್ಲಿ ವರ್ಷಕ್ಕೆ ಎರಡು ಬಾರಿ ಫಲ ನೀಡುವ ಮಾವಿನ ಮರವೊಂದಿತ್ತು.

ಸುಮಾರು ಮೂವತ್ತು ವರ್ಷಗಳ ಅನುಭವವನ್ನು ಅವರು ಗ್ರಂಥರೂಪಕ್ಕೆ ಇಳಿಸಿದರು. ಭಾರತದ ಔಷಧಿದ್ರವ್ಯಗಳ ಕುರಿತ ಸಂವಾದಗಳು ಎಂಬರ್ಥದ ಹೆಸರಿನ ಈ ಪೋರ್ಚುಗೀಸ್ ಗ್ರಂಥ 1563ರ ಏಪ್ರಿಲ್ 10ರಂದು ಗೋವೆಯಲ್ಲಿ ಮುದ್ರಣಗೊಂಡಿತು. ಯೇಸುಸಭೆಯ ಗುರುಗಳ ಮೂಲಕ ಗೋವೆಗೆ ಮುದ್ರಣಯಂತ್ರ ಬಂದು ಆಗ ಕೇವಲ ಏಳು ವರ್ಷಗಳಾಗಿದ್ದವು. ಪೋರ್ಚುಗಲ್ಲಿನ ಮಹಾಕವಿ ಲುಯಿಸ್ ದ ಕಮೋಯ್ಸ್ ಅವರ ಕವನವೊಂದು ಮೊದಲ ಬಾರಿಗೆ ಅಚ್ಚಾದುದೂ ಇದೇ ಗ್ರಂಥದಲ್ಲಿ.

ಗ್ರಂಥದಲ್ಲಿ ಸ್ಪೇನಿನಿಂದ ಬಂದ ರುವಾನೊ ಎಂಬ ಕಲ್ಪಿತ ವೈದ್ಯನು ಪ್ರಶ್ನೆಗಳನ್ನು ಕೇಳುತ್ತಾನೆ, ಓರ್ತಾ ಉತ್ತರಿಸುತ್ತಾರೆ. ರುವಾನೊ ಹಳೆಯ ಗ್ರಂಥಗಳ ಮಾತನ್ನು ಮುಂದಿಡುತ್ತಾನೆ. ಓರ್ತಾ ಕಣ್ಣಾರೆ ಕಂಡುದನ್ನು ಮುಂದಿಡುತ್ತಾರೆ. ಗೇಲನ್‌ನಂತಹ ಮಹಾಪಂಡಿತರ ಮಾತನ್ನು ಸ್ಪೇನಿನಲ್ಲಿದ್ದು ಪ್ರಶ್ನಿಸುವ ಧೈರ್ಯ ತನಗೆ ಬರುತ್ತಿರಲಿಲ್ಲವೆಂದೂ ಅವರು ಒಪ್ಪಿಕೊಳ್ಳುತ್ತಾರೆ. ಮೆಣಸು, ದಾಲ್ಚಿನ್ನಿ, ಜಾಯಿಕಾಯಿ, ಇಂಗು, ಕರ್ಪೂರ, ಹುಣಸೆ, ವೀಳ್ಯದೆಲೆ, ತೆಂಗು, ಹಲಸು, ಮಾವು, ಅಫೀಮು, ಭಂಗಿ, ದತ್ತೂರಿ ಹೀಗೆ ಹಲವು ವಸ್ತುಗಳ ವಿವರ ಅಲ್ಲಿದೆ. ಪ್ರತಿಯೊಂದಕ್ಕೂ ಅರಬರು, ಗುಜರಾತಿಗಳು, ಮಲಬಾರಿನವರು ಮತ್ತು ಗೋವೆಯ ಜನರು ಬಳಸುವ ಹೆಸರುಗಳನ್ನು ಅವರು ಆಸಕ್ತಿಯಿಂದ ಕಲೆಹಾಕಿದ್ದಾರೆ. ಜನರು ಮೊರ್ಶಿ ಎನ್ನುತ್ತಿದ್ದ ವಾಂತಿಭೇದಿಯ ಲಕ್ಷಣಗಳನ್ನು, ಅದು ಒಂದೇ ದಿನದಲ್ಲಿ ಪ್ರಾಣ ತೆಗೆಯಬಲ್ಲ ಬಗೆಯನ್ನು ಅವರು ವರ್ಣಿಸಿದ್ದಾರೆ. ಭಾರತದ ಕಾಲರಾ ರೋಗವನ್ನು ಕುರಿತು ಯುರೋಪಿನ ವೈದ್ಯರೊಬ್ಬರು ಬರೆದ ಅತ್ಯಂತ ಹಳೆಯ ವಿವರಣೆಗಳಲ್ಲಿ ಇದು ಪ್ರಮುಖವಾದುದು.

ಈ ಜ್ಞಾನವು ಓರ್ತಾ ಅವರೊಬ್ಬರದೇ ಆಗಿರಲಿಲ್ಲ. ಮಾಲುಪ ಎಂಬ ಹಿಂದೂ ವೈದ್ಯರು ಗ್ರಂಥದ ಸಂವಾದವೊಂದರಲ್ಲಿ ಸ್ವತಃ ಪಾಲ್ಗೊಳ್ಳುತ್ತಾರೆ. ಗಿಡ, ಹಣ್ಣು, ಎಲೆಗಳನ್ನು ತಂದು ತೋರಿಸುವವಳು ಮನೆಯ ದಾಸಿ ಅಂತೋನಿಯಾ. ದಾಸ್ಯಪದ್ಧತಿಯನ್ನು ಸಹಜವೆಂದೇ ಎಣಿಸಿದ್ದ ಕಾಲವದು. ಓರ್ತಾ ಅವರೂ ಅದಕ್ಕೆ ಹೊರತಾಗಿರಲಿಲ್ಲ. ಆದರೂ ಅನ್ಯಧರ್ಮೀಯರಿಂದ ಕಲಿತುದನ್ನು ಮರೆಮಾಚದೆ ಬರೆದ ಅವರ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ಗ್ರಂಥವು ಯುರೋಪಿನಲ್ಲಿ ಬೇಗನೆ ಹಬ್ಬಿತು. ಸಸ್ಯಶಾಸ್ತ್ರಜ್ಞ ಕ್ಲೂಸಿಯಸ್ ಅದನ್ನು ಲ್ಯಾಟಿನ್ ಭಾಷೆಗೆ ಸಂಗ್ರಹಿಸಿ 1567ರಲ್ಲಿ ಆಂಟ್‌ವರ್ಪ್ ನಗರದಲ್ಲಿ ಪ್ರಕಟಿಸಿದರು. ಇಟಾಲಿಯನ್, ಫ್ರೆಂಚ್ ಭಾಷೆಗಳಿಗೂ ಅದು ಮುಂದೆ ಹೋಯಿತು.

ಆದರೆ ಗೋವೆಯಲ್ಲಿ ನಡೆದುದು ಬೇರೆ. ಧರ್ಮದ್ರೋಹವನ್ನು ಪತ್ತೆಹಚ್ಚಿ ಶಿಕ್ಷಿಸುವ ಇನ್‌ಕ್ವಿಜಿಷನ್ ನ್ಯಾಯಾಲಯವು 1560ರಲ್ಲಿ ಅಲ್ಲಿ ಸ್ಥಾಪನೆಗೊಂಡಿತ್ತು. ಓರ್ತಾ ಅವರ ಗ್ರಂಥದ ಮುಖಪುಟದಲ್ಲಿ ಅದನ್ನು ಪರಿಶೀಲಿಸಿದವರೆಂದು ಹೆಸರು ಅಚ್ಚಾಗಿರುವುದು ಇದೇ ನ್ಯಾಯಾಲಯದ ವಿಚಾರಣಾಧಿಕಾರಿ ಅಲೇಯ್ಶು ದಿಯಸ್ ಫಾಲ್ಕಾಂವ್ ಅವರದು. 1568ರಲ್ಲಿ ಓರ್ತಾ ಗೋವೆಯಲ್ಲಿ ನಿಧನರಾದರು. ಅನಂತರ ಅವರ ಸಹೋದರಿ ಕತರೀನಾಳನ್ನು ಬಂಧಿಸಲಾಯಿತು. ಗುಟ್ಟಾಗಿ ಯೆಹೂದ್ಯ ಧರ್ಮವನ್ನು ಅನುಸರಿಸುತ್ತಿದ್ದಳೆಂಬ ಆರೋಪದ ಮೇಲೆ 1569ರ ಅಕ್ಟೋಬರ್ 25ರಂದು ಆಕೆಯನ್ನು ಜೀವಂತ ದಹಿಸಲಾಯಿತು. ಬಂಧುಗಳ ಹೇಳಿಕೆಗಳ ಆಧಾರದಿಂದ ಓರ್ತಾ ಅವರನ್ನೂ ದೋಷಿಯೆಂದು ತೀರ್ಮಾನಿಸಿದರು. ಮರಣ ಹೊಂದಿ ಹನ್ನೆರಡು ವರ್ಷಗಳಾದ ಬಳಿಕ, 1580ರ ಡಿಸೆಂಬರ್ ತಿಂಗಳಲ್ಲಿ ಅವರ ಸಮಾಧಿಯನ್ನು ಅಗೆದು ಅಸ್ಥಿಗಳನ್ನು ಹೊರತೆಗೆದು ಸುಟ್ಟರು.

ಓರ್ತಾ ಅವರ ಅಂತರಂಗದ ವಿಶ್ವಾಸ ಯಾವುದಾಗಿತ್ತೆಂಬುದನ್ನು ದೇವರೊಬ್ಬನೇ ಬಲ್ಲನು. ಬಲವಂತದಿಂದ ನೀಡಿದ ದೀಕ್ಷಾಸ್ನಾನದ ಕಹಿಫಲವಿದು ಎಂಬುದಂತೂ ನಿಶ್ಚಯ. ತಂದೆತಾಯಿಗಳ ಮನಸ್ಸನ್ನು ಕೇಳದೆ ಸುರಿದ ನೀರಿನ ಲೆಕ್ಕವನ್ನು ಮಗನ ಮೂಳೆಗಳಿಂದ ವಸೂಲು ಮಾಡಲಾಯಿತು.

ಈ ನ್ಯಾಯಾಲಯದ ಕಥೆ ನಮ್ಮ ಕೆನರಾ ಕಥೋಲಿಕ ಕುಟುಂಬಗಳಿಗೆ ದೂರದ ಸಂಗತಿಯಲ್ಲ. ಓರ್ತಾ ತೀರಿಕೊಂಡ 1568ರಲ್ಲಿಯೇ ಪೋರ್ಚುಗೀಸರು ಮಂಗಳೂರಿನಲ್ಲಿ ಕೋಟೆ ಕಟ್ಟಿದರು. ಮೆಣಸು, ಅಕ್ಕಿಗಳ ವ್ಯಾಪಾರಕ್ಕಾಗಿ ನಮ್ಮ ಕರಾವಳಿ ಅವರಿಗೆ ಬೇಕಾಗಿತ್ತು. ಮುಂದಿನ ಕಾಲದಲ್ಲಿ ನಮ್ಮ ಪೂರ್ವಜರಲ್ಲಿ ಅನೇಕರು ಗೋವೆಯನ್ನು ತೊರೆದು ಇತ್ತ ಬಂದರು. ಯುದ್ಧ ಮತ್ತು ಕ್ಷಾಮಗಳು ಅದಕ್ಕೆ ಕಾರಣಗಳಾಗಿದ್ದಂತೆ ಇನ್‌ಕ್ವಿಜಿಷನ್ನಿನ ಭಯವೂ ಒಂದು ಕಾರಣವಾಗಿತ್ತು. 1736ರ ಆಜ್ಞೆಯು ಗೋವೆಯ ಕ್ರೈಸ್ತರ ಮದುವೆಯ ಶಾಸ್ತ್ರಗಳನ್ನು ಕೂಡ ನಿಷೇಧಿಸಿತು. 1812ರಲ್ಲಿ ಆ ನ್ಯಾಯಾಲಯ ಶಾಶ್ವತವಾಗಿ ಮುಚ್ಚಿತು.

ಧರ್ಮಸಭೆಯು ಈ ಗತಕಾಲವನ್ನು ಮರೆಮಾಡಿಲ್ಲ. ಧಾರ್ಮಿಕ ವಿಶ್ವಾಸದ ವಿಷಯದಲ್ಲಿ ಯಾರನ್ನೂ ಬಲಾತ್ಕರಿಸಬಾರದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಸಾರಿತು. ಪೋಪ್ ದ್ವಿತೀಯ ಜಾನ್ ಪಾಲ್ ಅವರು 2000ದ ಮಾರ್ಚ್ 12ರಂದು ಸಂತ ಪೇತ್ರರ ಮಹಾದೇವಾಲಯದಲ್ಲಿ, ಸತ್ಯದ ಹೆಸರಿನಲ್ಲಿ ಧರ್ಮಸಭೆಯ ಮಕ್ಕಳು ಎಸಗಿದ ಅಸಹನೆ ಮತ್ತು ಹಿಂಸೆಗಾಗಿಯೂ ಯೆಹೂದ್ಯ ಜನರ ವಿರುದ್ಧ ನಡೆದ ಪಾಪಗಳಿಗಾಗಿಯೂ ದೇವರಲ್ಲಿ ಕ್ಷಮೆಯಾಚಿಸಿದರು.

ಇಂದು ಪಣಜಿಯ ಇಗರ್ಜಿಯೆದುರಿನ ಉದ್ಯಾನವನಕ್ಕೂ ಲಿಸ್ಬನ್ ಸಮೀಪದ ಅಲ್ಮಾಡ ನಗರದ ಆಸ್ಪತ್ರೆಗೂ ಓರ್ತಾ ಅವರ ಹೆಸರಿದೆ. ಆದರೆ ಹೂವಿಟ್ಟು ಮೇಣದ ಬತ್ತಿ ಹಚ್ಚಲು ಅವರಿಗೊಂದು ಸಮಾಧಿಯಿಲ್ಲ. ರೋಗಿಗಳ ಸೇವೆ ಮಾಡುವುದು, ಮೃತರನ್ನು ಸಮಾಧಿ ಮಾಡುವುದು ಇವೆರಡನ್ನೂ ಧರ್ಮಸಭೆ ದಯಾಕಾರ್ಯಗಳೆಂದು ನಮಗೆ ಬೋಧಿಸಿದೆ. ಓರ್ತಾ ಮೊದಲನೆಯದನ್ನು ಜೀವಮಾನವಿಡೀ ಮಾಡಿದರು. ಎರಡನೆಯದನ್ನು ನಮ್ಮವರು ಅವರಿಂದ ಕಿತ್ತುಕೊಂಡರು. ನವೆಂಬರ್ ತಿಂಗಳಲ್ಲಿ ನಮ್ಮ ಹಿರಿಯರ ಸಮಾಧಿಗಳ ಬಳಿ ಪ್ರಾರ್ಥಿಸುವಾಗ, ಸಮಾಧಿಯಿಲ್ಲದ ಈ ವೈದ್ಯರನ್ನೂ ಅವರ ಸಹೋದರಿಯನ್ನೂ ಸ್ಮರಿಸೋಣ. ಅನ್ಯರ ವಿಶ್ವಾಸವನ್ನು ಅಳೆಯುವ ಆತುರ ನಮ್ಮಲ್ಲಿ ಮೂಡಿದಾಗಲೂ ಅವರ ನೆನಪು ನಮ್ಮನ್ನು ತಡೆಯಲಿ.