ಸಂಗೊಳ್ಳಿ ರಾಯಣ್ಣ: ನಾಡು ಹಾಡಿಕೊಂಡ ನೋವು

ದಡ್ಡಿ, ಹುಕ್ಕೇರಿ, ಗೋಕಾವಿಗಳ ಕಡೆಯವರಿಗೆ ರಾಯಣ್ಣನ ಪರಿಚಯವನ್ನು ನಾನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಲಾವಣಿಕಾರರು ಆ ಕೆಲಸವನ್ನು ಎಂದೋ ಮಾಡಿದ್ದಾರೆ. 1824ರಲ್ಲಿ ಕಿತ್ತೂರು ಬಿದ್ದಿತು. 1829ರಲ್ಲಿ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ದತ್ತುಪುತ್ರ ಶಿವಲಿಂಗಪ್ಪನನ್ನು ಗಾದಿಗೆ ತರಬೇಕೆಂದು ಸಂಗೊಳ್ಳಿಯ ರಾಯಣ್ಣ ಬಡವರ ದಂಡು ಕಟ್ಟಿದನು. ಕಂಪನಿಯ ಕಚೇರಿಗಳನ್ನು ಸುಟ್ಟನು. ಕಾಡುಮೇಡುಗಳಲ್ಲಿ ಮರೆಯಾಗಿ ಕಾದಿದನು. 1830ರಲ್ಲಿ ಅವನನ್ನು ಹಿಡಿದುಕೊಡಲು ನೆರವಾದವರು ನಮ್ಮ ಸೀಮೆಯವರೇ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಕಾದಿದವರ ಮಕ್ಕಳೂ ಹಿಡಿದುಕೊಟ್ಟವರ ಮಕ್ಕಳೂ ಆಮೇಲೆ ಅದೇ ಸೀಮೆಯಲ್ಲಿ ಬಾಳಬೇಕಾಯಿತು. ಆ ಒಳಗಾಯವನ್ನು ಯಾವ ನ್ಯಾಯಾಲಯವೂ ವಿಚಾರಿಸಲಿಲ್ಲ. ಅದನ್ನು ವಿಚಾರಿಸಿದ್ದು ಹಾಡು. ಡಪ್ಪು ತುಂತುಣಿಗಳ ನಡುವೆ ವೀರನ ಸಾಹಸದೊಡನೆ ನಮ್ಮವರ ದ್ರೋಹವೂ ಊರಮುಂದೆ ಬಯಲಾಯಿತು. ಎಲ್ಲರೂ ಒಂದೇ ಕಡೆ ಕುಳಿತು ಅದನ್ನು ಕೇಳಿದರು. ರಾಯಣ್ಣನ ಲಾವಣಿಯೊಂದನ್ನು ಸಂಗ್ರಹಿಸಿ 1885ರಲ್ಲಿ ಅಚ್ಚು ಹಾಕಿಸಿದವರು ಆಳುವವರ ಪೈಕಿ ಒಬ್ಬ ಅಧಿಕಾರಿ, ಫ್ಲೀಟರು, ಎಂಬುದೂ ಗಮನಿಸತಕ್ಕ ಸಂಗತಿ.

ರಾಯಣ್ಣನಿಗೆ ಪ್ರತಿಮೆ ನಿಲ್ಲಿಸುವುದು ಸುಲಭ. ಅವನ ಕಥೆಯನ್ನು ಪೂರ್ತಿ ಕೇಳುವುದೆಂದರೆ ಹಗೆಯವರೊಡನೆ ನಮ್ಮನ್ನೂ ವಿಚಾರಣೆಗೆ ನಿಲ್ಲಿಸಿಕೊಳ್ಳುವುದೆಂದು ನಾನು ಬಗೆದಿದ್ದೇನೆ.